ಜೀನ್ಸ್ ಯುನಿಟ್‌ಗೆ ಹಾಕಿಸಿದ ಪಿಒಇ ಸ್ವಿಚ್: ಕರೆಂಟ್ ಹೋದರೂ ನೆಟ್ ಹೋಗಲ್ಲ, ಆದರೆ...

ನಮ್ಮದು ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಯುನಿಟ್. ಕೆಳಗೆ ಕಟಿಂಗ್, ಮೊದಲನೇ ಮಹಡಿಯಲ್ಲಿ ಹೊಲಿಗೆ, ಅದರ ಮೇಲೆ ತಗಡಿನ ಶೆಡ್ಡಿನಲ್ಲಿ ಪ್ಯಾಕಿಂಗ್. ಮೊದಲು ನೆಟ್ ಕನೆಕ್ಷನ್ ಜೊತೆ ಬಂದ ರೂಟರ್ ಒಂದಿತ್ತು. ಸಿಗ್ನಲ್ ಮೇಲಕ್ಕೆ ಹತ್ತಲ್ಲ ಅಂತ ಎರಡು ರಿಪೀಟರ್ ತಂದು ಸಿಕ್ಕಿಸಿದ್ದೆವು. ಎಲ್ಲ ಮನೆಗೆ ಸಾಕಾಗುವ ಸಾಮಾನು. ಬಿಲ್ಲಿಂಗ್ ಕಂಪ್ಯೂಟರ್, ಹಾಜರಿ ಮಷಿನ್, ಹುಡುಗರ ಫೋನು ಎಲ್ಲ ಅದರ ಮೇಲೇ. ಬೆಳಿಗ್ಗೆ ಬಾಗಿಲು ತೆಗೆದು, ಕಸ ಹೊಡೆದು, ಊದುಬತ್ತಿ ಹಚ್ಚಿ, ಆಮೇಲೆ ರೂಟರ್ ಆಫ್ ಮಾಡಿ ಆನ್ ಮಾಡುವುದು ದಿನದ ಕೆಲಸವಾಗಿತ್ತು.

ಕ್ಯಾಮೆರಾ ಹಾಕಿಸುವಾಗ ಒಂದೇ ಸಲ ಎಲ್ಲ ಬದಲಾಯಿಸಿದೆವು. ಆಫೀಸಿಗೆ ಹಾಕುವಂಥ ಗೇಟ್‌ವೇ ರೂಟರ್, 16 ಪೋರ್ಟಿನ ಪಿಒಇ ಸ್ವಿಚ್ (ನೆಟ್ ಕೇಬಲ್‌ಗಳೆಲ್ಲ ಬಂದು ಸೇರುವ, ಅದೇ ಕೇಬಲ್ಲಿನಲ್ಲಿ ಕರೆಂಟೂ ಕೊಡುವ ಡಬ್ಬ), ಮಹಡಿಗೊಂದರಂತೆ ಸೀಲಿಂಗಿಗೆ ವೈಫೈ ಕೊಡುವ 3 ಆಕ್ಸೆಸ್ ಪಾಯಿಂಟ್. ಕ್ಯಾಮೆರಾ ಬಿಟ್ಟು, ಕೇಬಲ್ ಎಳೆದ ಕೂಲಿ ಸೇರಿ 65 ಸಾವಿರದ ಹತ್ತಿರ ಬಂತು. ಆ ದುಡ್ಡಿಗೆ ಎರಡು ಹೊಲಿಗೆ ಮಷಿನ್ ಬರ್ತಿತ್ತು ಅಂತ ತಮ್ಮ ಈಗಲೂ ಅಂತಾನೆ. ಸ್ಪೀಡ್ ಬಗ್ಗೆ ಬರೆಯಲ್ಲ. ಲೈನ್ ಅದೇ, ಪ್ಲಾನ್ ಅದೇ, ಸ್ಪೀಡೂ ಅದೇ.

ನನಗೆ ಖುಷಿ ಕೊಟ್ಟಿದ್ದು ಬೇರೆ. ನಮ್ಮಲ್ಲಿ ಕರೆಂಟ್ ಹೋದರೆ ಎರಡು ಪೆಟ್ಟು. ಹೋದಾಗ ಒಂದು, ಜನರೇಟರ್‌ನಿಂದ ವಾಪಸ್ ಲೈನಿಗೆ ಬರುವಾಗ ಇನ್ನೊಂದು. ಎರಡು ಸಲವೂ ರೂಟರ್, ರಿಪೀಟರ್ ಎಲ್ಲ ಸತ್ತು ಹುಟ್ಟುತ್ತಿದ್ದವು. ವೈಫೈ ಮತ್ತೆ ಬರಲು ಎರಡು ನಿಮಿಷ ಸಾಕು, ನಿಜ. ಆದರೆ ಮಾಲು 50 ಸಾವಿರ ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ) ಬೇಕು. ಅರ್ಧ ತುಂಬಿದ ಪುಟ ಹೋಯಿತು ಅಂದ್ರೆ ಮತ್ತೆ ಲಾಗಿನ್, ಮತ್ತೆ ಗಾಡಿ ನಂಬರ್. ಬಾಗಿಲಲ್ಲಿ ಟೆಂಪೋದವನು ಹಾರ್ನ್ ಹೊಡೀತಾ ಇರ್ತಾನೆ, ಟ್ರಾನ್ಸ್‌ಪೋರ್ಟ್ ಆಫೀಸು ಮುಚ್ಚುವ ಹೊತ್ತು.

ಪಿಒಇಯಲ್ಲಿ ಡೇಟಾ ಹೋಗುವ ಕೇಬಲ್ಲಿನಲ್ಲೇ ಕರೆಂಟೂ ಹೋಗುತ್ತದೆ, 48 ವೋಲ್ಟ್ ಆಸುಪಾಸು, 100 ಮೀಟರ್ ತನಕ. ಆಕ್ಸೆಸ್ ಪಾಯಿಂಟಿಗೂ ಕ್ಯಾಮೆರಾಗೂ ಪ್ಲಗ್ ಬೇಡ, ಅಡಾಪ್ಟರ್ ಬೇಡ. ಎಲ್ಲಕ್ಕೂ ಅನ್ನ ಹಾಕುವುದು ಸ್ವಿಚ್ಚೇ. ಆ ಸ್ವಿಚ್ಚಿಗೆ ಒಂದು ಯುಪಿಎಸ್ ಕೊಟ್ಟರೆ ಮೂರು ಮಹಡಿಯ ನೆಟ್ ಉಳಿಯುತ್ತದೆ. (ಫೈಬರ್ ಡಬ್ಬಿಯನ್ನೂ ಗೇಟ್‌ವೇಯನ್ನೂ ಅದೇ ಯುಪಿಎಸ್‌ಗೆ ಸಿಕ್ಕಿಸಿ, ಇಲ್ಲಾಂದ್ರೆ ಸುಮ್ನೆ.) ಈಗ ಕರೆಂಟ್ ಹೋದರೆ ಮಷಿನ್‌ಗಳ ಸದ್ದು ಒಮ್ಮೆಲೇ ನಿಲ್ಲುತ್ತದೆ, ಟ್ಯೂಬ್‌ಲೈಟ್ ಆರುತ್ತದೆ, ಸೀಲಿಂಗಿನ ಸಣ್ಣ ನೀಲಿ ದೀಪ ಮಾತ್ರ ಹಾಗೇ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಇ-ವೇ ಬಿಲ್ಲಿನ ಪುಟ ಎಲ್ಲಿತ್ತೋ ಅಲ್ಲೇ. ಆ ಹೊತ್ತಿನ ಸಮಾಧಾನಕ್ಕೇ 65 ಸಾವಿರ ಕೊಟ್ಟೆ ಅಂದರೂ ನಡೆಯುತ್ತೆ.

ಕ್ಯಾಮೆರಾಗಳನ್ನು ಬೇರೆ ವಿಎಲ್ಎಎನ್‌ಗೆ (ಅದೇ ಸ್ವಿಚ್ಚಿನೊಳಗೆ ಬೇರೆ ಮಾಡಿಟ್ಟ ನೆಟ್‌ವರ್ಕ್) ಹಾಕಿಸಿದ್ದೇವೆ, ಹುಡುಗರ ಫೋನಿಗೆ ಬೇರೆ ವೈಫೈ ಇದೆ. ಹೊರ ರಾಜ್ಯದ ವ್ಯಾಪಾರಿ ವಿಡಿಯೋ ಕಾಲ್ ಮಾಡಿದರೆ ಕಟಿಂಗ್ ಟೇಬಲ್ಲಿಂದ ಶುರು ಮಾಡಿ, ಜಿಪ್ಪು, ಜೇಬಿನ ಹೊಲಿಗೆ ತೋರಿಸುತ್ತಾ ಪ್ಯಾಕಿಂಗ್ ತನಕ ಮೆಟ್ಟಿಲು ಹತ್ತುತ್ತೇನೆ. ಕಾಲ್ ಕಟ್ ಆಗಲ್ಲ.

ಇನ್ನು ಬೈಗುಳ. ಈ ಸ್ವಿಚ್ಚಿನೊಳಗೆ ಫ್ಯಾನ್ ಇದೆ. ಅಂಗಡಿಯವರೂ ಹೇಳಲಿಲ್ಲ, ಡಬ್ಬದ ಮೇಲೂ ದೊಡ್ಡದಾಗಿ ಬರೆದಿರಲಿಲ್ಲ. ಹೊಲಿಗೆ ಮಹಡಿಯಲ್ಲಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಫಿಟ್ ಮಾಡಿದ್ದು ಲೆಕ್ಕ ಬರೆಯುವ ಕೋಣೆಯ ಗೋಡೆಗೆ. ಮಾರ್ಚ್ ಬಂತು ಅಂದರೆ ನಮ್ಮೂರ ಬಿಸಿಲು ಗೊತ್ತಲ್ವಾ, ಫ್ಯಾನ್ ಫುಲ್ ಸ್ಪೀಡಿನಲ್ಲಿ ಕಿರುಚುತ್ತದೆ. ಲೆಕ್ಕದವರು ಕಿವಿಗೆ ಹತ್ತಿ ಇಟ್ಟುಕೊಂಡು ಕೂತರು.

ಸದ್ದು ಹೇಗೋ ಸಹಿಸಬಹುದು. ಜೀನ್ಸ್ ಬಟ್ಟೆಯ ನಾರು ಗಾಳಿಯಲ್ಲಿ ಹಾರಾಡುತ್ತಲೇ ಇರುತ್ತದೆ, ಫ್ಯಾನ್ ಅದನ್ನು ಎಳೆದುಕೊಳ್ಳುತ್ತದೆ. ಜಾಲರಿ ಬಿಚ್ಚಿ ನೋಡಿದರೆ ಒಳಗೆ ನೀಲಿ ಹಾಸಿಗೆಯೇ ಇತ್ತು. ಅಮಾವಾಸ್ಯೆ ಪೂಜೆಗೆ ಮಷಿನ್ ಒರೆಸುವ ದಿನ ಇದನ್ನೂ ಬಣ್ಣದ ಬ್ರಷ್‌ನಿಂದ ಉಜ್ಜಿ, ಬ್ಲೋವರ್ ಹಿಡಿದು, ವಿಭೂತಿ ಹಚ್ಚುವುದು ರೂಢಿಯಾಯಿತು. ಆದರೂ ಎರಡನೇ ಬೇಸಿಗೆಗೆ ಫ್ಯಾನ್ ನಿಂತಿತು, ಹಿಂದೆಯೇ ಸ್ವಿಚ್ಚೂ ಹೋಯಿತು.

ಆಗ ಗೊತ್ತಾಗಿದ್ದು: ಒಂದೇ ಡಬ್ಬದಿಂದ ಎಲ್ಲಕ್ಕೂ ಕರೆಂಟ್ ಅಂದರೆ, ಆ ಡಬ್ಬ ಹೋದರೆ ಎಲ್ಲವೂ ಹೋಯಿತು. ವೈಫೈ ಇಲ್ಲ, ಹಾಜರಿ ಇಲ್ಲ, ಎಂಟೂ ಕ್ಯಾಮೆರಾ ಕುರುಡು. ಮನೆಯ ರೂಟರ್ ಕೆಟ್ಟರೆ ಸಂಜೆಗೆ ಪೇಟೆಯಿಂದ ಇನ್ನೊಂದು ತರಬಹುದು. ಇದಕ್ಕೆ ನಾನು ಕೇಳಿದ ಅಂಗಡಿಗಳಲ್ಲೆಲ್ಲ ‘ಆರ್ಡರ್ ಕೊಡಿ, ತರಿಸ್ತೀವಿ’ ಅಂದರು. ವಾರಂಟಿ ಇತ್ತು, ಆದರೆ ರಿಪೇರಿ ಬೆಂಗಳೂರಿನಲ್ಲಿ. ಅಲ್ಲಿಯವರೆಗೆ ಬದಲಿ ಸ್ವಿಚ್ ಕೊಡಲ್ಲ. ಅಟ್ಟದ ಮೇಲಿನ ಹಳೇ ರಿಪೀಟರ್‌ಗಳನ್ನೇ ಕೆಳಗಿಳಿಸಿದೆವು.

ಕಾಯುತ್ತಾ ಕೂರಲಾಗದೆ ಫ್ಯಾನ್ ಇಲ್ಲದ 8 ಪೋರ್ಟಿನ ಎರಡು ಸ್ವಿಚ್ ತರಿಸಿದೆ. ನಾಲ್ಕು ಕ್ಯಾಮೆರಾ, ಒಂದು ಆಕ್ಸೆಸ್ ಪಾಯಿಂಟ್ ಒಂದಕ್ಕೆ, ಉಳಿದವು ಇನ್ನೊಂದಕ್ಕೆ. ಕೊಳ್ಳುವಾಗ ಪೋರ್ಟ್ ಎಷ್ಟು ಅಂತ ಮಾತ್ರ ನೋಡಬೇಡಿ, ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಕೇಳಿ. ಪೋರ್ಟಿಗೆ 15.4 ವ್ಯಾಟ್ ಅಂತ ಬರೆದಿರುತ್ತಾರೆ, ಎಲ್ಲ ಪೋರ್ಟಿಗೂ ಒಟ್ಟಿಗೆ ಅಷ್ಟು ಕೊಡುವ ಶಕ್ತಿ ಎಷ್ಟೋ ಸ್ವಿಚ್‌ಗಳಿಗೆ ಇರಲ್ಲ. ನಮ್ಮ ಕ್ಯಾಮೆರಾ ಐದಾರು ವ್ಯಾಟ್, ಆಕ್ಸೆಸ್ ಪಾಯಿಂಟ್ ಹತ್ತು ಹನ್ನೆರಡು ತಿನ್ನುತ್ತವೆ. ಹಾಗಾಗಿ 60 ವ್ಯಾಟಿನ ಸ್ವಿಚ್ ಒಂದೊಂದು ಕಡೆಗೆ ಸಾಕಾಗಿದೆ. ರಿಪೇರಿಯಾಗಿ ಬಂದ ದೊಡ್ಡದು ಪ್ಲಾಸ್ಟಿಕ್ ಸುತ್ತಿ ಬೀರುವಿನಲ್ಲಿದೆ, ಕಷ್ಟಕಾಲಕ್ಕೆ.

ಆಕ್ಸೆಸ್ ಪಾಯಿಂಟ್‌ಗಳಿಗೆ ಐದಕ್ಕೆ ಐದು ಸ್ಟಾರ್. ಫ್ಯಾನಿನ ಸ್ವಿಚ್ಚಿಗೆ ಎರಡು, ಅದೂ ಆ ಇ-ವೇ ಬಿಲ್ ಉಳಿಸಿದ್ದಕ್ಕೆ. ನಿಮ್ಮದು ಒಂದೇ ಹಾಲ್, ಒಂದೇ ಕಂಪ್ಯೂಟರ್ ಅಂದರೆ ಇಷ್ಟೆಲ್ಲ ಖರ್ಚು ಬೇಡ. ಇರುವ ರೂಟರ್‌ಗೆ 12 ವೋಲ್ಟಿನ ಸಣ್ಣ ಡಿಸಿ ಯುಪಿಎಸ್ ಸಿಕ್ಕಿಸಿ, 2 ಸಾವಿರದೊಳಗೆ ಸಿಗುತ್ತದೆ. ತರುವ ಮುಂಚೆ ರೂಟರ್ ಅಡಾಪ್ಟರ್ ಮೇಲೆ ಎಷ್ಟು ಆಂಪಿಯರ್ ಅಂತ ಒಮ್ಮೆ ಓದಿಕೊಂಡು ಹೋಗಿ.