ಸರೋವರ ನೋಡಲು ಹೊರಟ ದಿನ ಟೆಂಟಿನಲ್ಲಿ ಬಿಟ್ಟು ಹೋಗಬಾರದ ಮೂರು ಕೆಜಿ

2024ರ ಜೂನ್ ಮೊದಲ ವಾರ, ಉತ್ತರಾಖಂಡದ ಉತ್ತರಕಾಶಿ–ಟೆಹ್ರಿ ಗಡಿಯ ಸಹಸ್ರತಾಲ ಸರೋವರ ನೋಡಿ ಕ್ಯಾಂಪಿಗೆ ಮರಳುತ್ತಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಹೆಚ್ಚಿನವರು ಬೆಂಗಳೂರಿನವರು. ಟೆಂಟುಗಳಿದ್ದ ಜಾಗ ತಲುಪಲಾಗದೆ ರಾತ್ರಿಯನ್ನು ಬಯಲಲ್ಲೇ ಕಳೆಯಬೇಕಾಯಿತು. 9 ಮಂದಿ ತೀರಿಕೊಂಡರು, 13 ಮಂದಿ ಬದುಕಿ ಬಂದರು. ಅವರನ್ನು ತಲುಪಲು ವಾಯುಪಡೆಯ ಹೆಲಿಕಾಪ್ಟರ್‌ಗಳೇ ಹೋಗಬೇಕಾಯಿತು. ತೀರಿಕೊಂಡವರಲ್ಲಿ ಹಲವರು ವರ್ಷಗಟ್ಟಲೆ ಬೆಟ್ಟ ಹತ್ತಿದವರು, ಹೊಸಬರಲ್ಲ.

ಯಾರದು ತಪ್ಪು ಎಂದು ಇಲ್ಲಿ ಕೂತು ತೀರ್ಮಾನಿಸುವ ಹಕ್ಕು ನಮಗಿಲ್ಲ. ಆದರೆ ಆ ದಿನದ ಒಂದು ಸಂಗತಿ ಹಿಮಾಲಯದ ಬಹುತೇಕ ಸರೋವರ ಚಾರಣಗಳಲ್ಲೂ ಇದೆ, ಅದನ್ನು ಹೇಳಲೇಬೇಕು. ಸರೋವರ ನೋಡುವ ದಿನ ಸ್ಲೀಪಿಂಗ್ ಬ್ಯಾಗ್, ಟೆಂಟ್, ಸ್ಟವ್ ಎಲ್ಲ ಕೆಳಗಿನ ಕ್ಯಾಂಪಿನಲ್ಲೇ ಉಳಿಯುತ್ತವೆ. ಬೆನ್ನಿಗೆ ಒಂದು ಸಣ್ಣ ಚೀಲ, ಅದರಲ್ಲಿ ನೀರು, ಬಿಸ್ಕತ್ತು, ಕ್ಯಾಮೆರಾ. ಇಡೀ ಚಾರಣದಲ್ಲಿ ಅತಿ ಎತ್ತರಕ್ಕೆ ಏರುವ ದಿನವೇ ಅತಿ ಕಡಿಮೆ ಸಾಮಾನು ಹೊತ್ತಿರುತ್ತೇವೆ. ಹಲವು ಸರೋವರಗಳನ್ನು ಸುತ್ತುವ ಕಾಶ್ಮೀರದ ಗ್ರೇಟ್ ಲೇಕ್ಸ್ ಚಾರಣದ ದಾರಿಯಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ವಿಷನ್‌ಸರ್ ಸರೋವರ ಬಿಟ್ಟು ಸುಮಾರು 4,200 ಮೀಟರ್ ಎತ್ತರದ ಗಡ್‌ಸರ್ ಪಾಸ್ (ಬೆಟ್ಟಸಾಲನ್ನು ದಾಟುವ ದಾರಿ) ದಾಟುವಾಗ ನಿಮ್ಮ ದೊಡ್ಡ ಚೀಲ ಹೇಸರಗತ್ತೆಯ ಮೇಲಿರುತ್ತದೆ. ಅದು ನಿಮಗಿಂತ ಎರಡು ಗಂಟೆ ಮುಂದೆಯೋ ಹಿಂದೆಯೋ ಇರಬಹುದು. ನೆಂದು ನಡುಗುವ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ.

ಕರ್ನಾಟಕದಿಂದ ಹೋಗುವವರಿಗೆ ಇನ್ನೊಂದು ಅಪಾಯ ನಮ್ಮ ಅಭ್ಯಾಸದಿಂದಲೇ ಬರುತ್ತದೆ. ಕುಮಾರ ಪರ್ವತ, ಕೊಡಚಾದ್ರಿಗಳಲ್ಲಿ ಮಳೆ ಬಂದರೆ ನೆನೆಯುತ್ತೇವೆ, ನಡೆಯುತ್ತಲೇ ಮೈ ಬಿಸಿಯಾಗುತ್ತದೆ, ಕೆಳಗಿಳಿದು ಬಟ್ಟೆ ಬದಲಿಸಿದರೆ ಮುಗಿಯಿತು. ಕುಮಾರ ಪರ್ವತದ ಎತ್ತರ 1,712 ಮೀಟರ್. ಸಾವಿರ ಮೀಟರ್ ಏರಿದಂತೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. 4,400 ಮೀಟರ್‌ನಲ್ಲಿ ಅದೇ ಮಳೆ ಹಿಮ ಬೆರೆತು ಬೀಳುತ್ತದೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 7ರ ಚಳಿ. ಅದರ ಜೊತೆಗೆ ಬಟ್ಟೆಯೂ ಒದ್ದೆಯಾಗಿದ್ದರೆ ಲೆಕ್ಕವೇ ಬೇರೆ, ಏಕೆಂದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸರಾಗವಾಗಿ ಮೈಯ ಶಾಖವನ್ನು ಎಳೆಯುತ್ತದೆ. ದಣಿದು ನಡಿಗೆ ನಿಧಾನವಾದಾಗ ಒಳಗಿನ ಶಾಖವೂ ಇಳಿಯುತ್ತದೆ. ಒದ್ದೆ, ಗಾಳಿ, ದಣಿವು ಮೂರೂ ಸೇರಿದರೆ ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಅದೇ ಹೈಪೋಥರ್ಮಿಯಾ.

ಆ ಜಾಗಗಳಲ್ಲಿ ಮರೆಯೂ ಇಲ್ಲ. ಉತ್ತರಾಖಂಡದ ಗಢವಾಲಿನಲ್ಲಿ ಸುಮಾರು 3,500 ಮೀಟರ್ ದಾಟಿದರೆ ಮರಗಳು ಮುಗಿದು ಬುಗ್ಯಾಲ್ ಎಂಬ ಹುಲ್ಲುಗಾವಲು, ಅದರ ಮೇಲೆ ಬರಿ ಕಲ್ಲು. ಕಾಲುದಾರಿಗೆ ಗುರುತು ಎಂದರೆ ಅಲ್ಲಲ್ಲಿ ಪೇರಿಸಿಟ್ಟ ಕಲ್ಲುಗುಪ್ಪೆಗಳು. ಅರ್ಧ ಅಡಿ ಹಿಮ ಬಿದ್ದರೆ ದಾರಿಯೂ ಗುರುತೂ ಒಟ್ಟಿಗೆ ಮಾಯ. ಸರೋವರವಿರುವುದು ಸುತ್ತ ಗೋಡೆಯಂತೆ ಎದ್ದ ಬೆಟ್ಟಗಳ ನಡುವಿನ ತಗ್ಗಿನಲ್ಲಿ. ಅಲ್ಲಿ ನಿಂತರೆ ನೆತ್ತಿಯ ಮೇಲಿನ ನೀಲಿ ಆಕಾಶವಷ್ಟೇ ಕಾಣುತ್ತದೆ. ಏಣಿನ ಆಚೆ ಕಟ್ಟುತ್ತಿರುವ ಮೋಡ ಅದು ಏಣು ದಾಟಿ ಬರುವವರೆಗೂ ಕಾಣುವುದಿಲ್ಲ.

ಹಾಗಾಗಿ ಆ ದಿನ ಚೀಲದಲ್ಲಿ ಇರಲೇಬೇಕಾದ್ದು: ಹೊಲಿಗೆಗಳಿಗೆ ಟೇಪ್ ಹಚ್ಚಿದ ಮಳೆ ಜಾಕೆಟ್ ಮತ್ತು ಮಳೆ ಪ್ಯಾಂಟ್. ತಲೆಯಿಂದ ಇಳಿಬಿಡುವ ಸಡಿಲ ಮಳೆ ಹೊದಿಕೆ ಪಾಂಚೊ ಬೇಡ, ಗಾಳಿಗೆ ಅದು ತಲೆಯ ಮೇಲೆ ಹಾರಿ ಸೊಂಟದಿಂದ ಕೆಳಗೆ ಪೂರ್ತಿ ನೆನೆಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದ ಒಂದು ಜೊತೆ ಒಣ ಥರ್ಮಲ್, ಉಣ್ಣೆಯ ಸಾಕ್ಸ್, ಟೋಪಿ. ಇದನ್ನು ಬೆಳಿಗ್ಗೆ ಚಳಿ ಎಂದು ಹಾಕಿಕೊಳ್ಳಬಾರದು, ಇದು ಆಪತ್ತಿಗೆ ಮಾತ್ರ. ದಪ್ಪ ಜಾಕೆಟ್. ಎರಡು ಜೊತೆ ಗ್ಲೌಸ್, ಒಂದು ನೆಂದರೆ ಇನ್ನೊಂದು. ಹೊಸ ಸೆಲ್ ಹಾಕಿದ ಹೆಡ್‌ಲ್ಯಾಂಪ್. ಕೂರಲು ಒಂದೂವರೆ ಅಡಿ ಚೌಕದ ಫೋಮ್ ಮ್ಯಾಟ್ ತುಂಡು. ಚಳಿಯಲ್ಲಿ ಕಲ್ಲಾಗದ ತಿನಿಸು 300 ಗ್ರಾಂ: ಕಡಲೆಬೀಜದ ಚಿಕ್ಕಿ ಆಗುತ್ತದೆ, ಚಾಕೊಲೇಟ್ ಬಾರ್ ಹಲ್ಲಿಗೆ ಜಗ್ಗುವುದಿಲ್ಲ. ನೀರು ಬಿಟ್ಟು ಇವೆಲ್ಲ ಸೇರಿ ಸುಮಾರು ಮೂರು ಕೆಜಿ. ಜೀನ್ಸ್, ಹತ್ತಿಯ ಟೀ ಶರ್ಟ್, ಹತ್ತಿಯ ಒಳಉಡುಪು ಮೈಮೇಲೆ ಇರಲೇಬಾರದು. ಹತ್ತಿ ನೆಂದರೆ ಅಲ್ಲಿ ಒಣಗುವುದೇ ಇಲ್ಲ.

ಎಂಟು ಜನಕ್ಕೆ ಒಂದರಂತೆ 12×15 ಅಡಿಯ ಸಿಲ್ಪಾಲಿನ್ ಹಾಳೆ ಹೊರಿಸಿ. ಅಡಿಕೆ ಅಂಗಳಕ್ಕೆ ಹೊದಿಸುವ ಅದೇ ಹಾಳೆ. 90 ಜಿಎಸ್‌ಎಂನದು (ಚದರ ಮೀಟರಿಗೆ 90 ಗ್ರಾಂ) ಒಂದೂವರೆ ಕೆಜಿ ತೂಗುತ್ತದೆ. ಮುಂದೆ ದಾರಿ ಕಾಣುತ್ತಿಲ್ಲ ಎಂದಾದ ಕೂಡಲೇ, ಮೈಯಲ್ಲಿ ಇನ್ನೂ ಬಿಸಿ ಇರುವಾಗಲೇ, ಬಂಡೆಯ ಮರೆಗೆ ಹೋಗಿ ಮ್ಯಾಟು, ಚೀಲಗಳ ಮೇಲೆ ಎರಡು ಸಾಲಾಗಿ ಎದುರುಬದುರು ಕೂತು, ಹಾಳೆಯನ್ನು ತಲೆಯ ಮೇಲಿಂದ ಎಳೆದು, ಅಂಚನ್ನು ಬೆನ್ನಿನ ಹಿಂದೆ ಇಳಿಸಿ ಕುಂಡೆಯ ಕೆಳಗೆ ಸಿಕ್ಕಿಸಬೇಕು. ಗಾಳಿ ಆಡಲು ಒಂದು ಮೂಲೆ ತೆರೆದಿರಲಿ. ಎಂಟು ಜನರ ಉಸಿರಿಗೇ ಒಳಗೆ ಎಷ್ಟೋ ಬೆಚ್ಚಗಾಗುತ್ತದೆ. ಮಿರಿಮಿರಿ ಹೊಳೆಯುವ ಫಾಯಿಲ್ ಹೊದಿಕೆಯನ್ನೇ ನಂಬಬೇಡಿ, ಬಿರುಗಾಳಿಗೆ ಹತ್ತು ನಿಮಿಷದಲ್ಲಿ ಚಿಂದಿಯಾಗುತ್ತದೆ.

ಸಮಯದ ವಿಷಯದಲ್ಲಿ ಕರುಣೆ ಬೇಡ. ಬಿಸಿಲಿಗೆ ಕಣಿವೆ ಕಾದು ತೇವದ ಗಾಳಿ ಮೇಲೇರಿ ಮಧ್ಯಾಹ್ನಕ್ಕೆ ಮೋಡ ಕಟ್ಟುವುದು ಅಲ್ಲಿ ದಿನನಿತ್ಯದ ಸಂಗತಿ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು, ಎಲ್ಲೇ ಇರಿ, ಹನ್ನೊಂದಕ್ಕೆ ತಿರುಗಬೇಕು. ಒಂದೂವರೆಯೊಳಗೆ ಎಲ್ಲರೂ ಟೆಂಟಿನಲ್ಲಿರಬೇಕು. ಈ ಹನ್ನೊಂದು ಗಂಟೆಯನ್ನು ಹಿಂದಿನ ರಾತ್ರಿ ಊಟದ ಹೊತ್ತಿಗೇ ಎಲ್ಲರೆದುರು ಹೇಳಿಬಿಡಬೇಕು. ಸರೋವರ ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ ಕೂಡಿ ತೀರ್ಮಾನಿಸಲು ಹೋದರೆ ಯಾರೂ ತಿರುಗುವುದಿಲ್ಲ. ಇಪ್ಪತ್ತು ಜನರ ತಂಡದಲ್ಲಿ ಮುಂದಿನವರಿಗೂ ಕೊನೆಯವರಿಗೂ ಒಂದು ಗಂಟೆಯ ಅಂತರ ಬೀಳುವುದು ಸಾಮಾನ್ಯ. ತಿರುಗುವ ಸಮಯ ಕೊನೆಯವರ ನಡಿಗೆಯ ಮೇಲೆ ನಿರ್ಧಾರವಾಗಬೇಕು. ಕೊನೆಯವರ ಹಿಂದೆ ಒಬ್ಬ ಗೈಡ್ ಇರಲೇಬೇಕು.

ಹೈಪೋಥರ್ಮಿಯಾ ಶುರುವಾದವರು ತಮಗೇನೂ ಆಗಿಲ್ಲ ಎನ್ನುತ್ತಾರೆ, ಮಿದುಳಿಗೇ ಮಂಕು ಕವಿದಿರುತ್ತದೆ. ನೀವೇ ನೋಡಬೇಕು. ಹರಟುತ್ತಿದ್ದವರು ಸುಮ್ಮನಾಗಿದ್ದಾರೆಯೇ? ಜಿಪ್ ಎಳೆಯಲು ಪರದಾಡುತ್ತಿದ್ದಾರೆಯೇ? ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ಮುಟ್ಟಿಸಲು ಹೇಳಿ. ಆಗದಿದ್ದರೆ ತಂಡ ಅಲ್ಲೇ ನಿಲ್ಲಬೇಕು. ಒದ್ದೆ ಬಟ್ಟೆ ತೆಗೆದು ಒಣದು ಹಾಕಿ, ಮ್ಯಾಟಿನ ಮೇಲೆ ಕೂರಿಸಿ ಅಥವಾ ಮಲಗಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ. ಬಿಸಿನೀರಿನ ಬಾಟಲಿ ಇದ್ದರೆ ಬಟ್ಟೆ ಸುತ್ತಿ ಎದೆ, ಕಂಕುಳಿಗೆ ಇಡಿ. ಲೋಟ ತಾವೇ ಹಿಡಿಯಬಲ್ಲವರಿಗೆ ಮಾತ್ರ ಬೆಚ್ಚಗಿನ ಸಕ್ಕರೆ ನೀರು. ಕೈಕಾಲು ತಿಕ್ಕಬಾರದು. ರಮ್ ಕೊಡುವುದು ಕೊಂದಂತೆ: ಚರ್ಮಕ್ಕೆ ರಕ್ತ ಹರಿದು ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಸೋರಿಹೋಗುತ್ತದೆ. ತುಂಬಾ ಹೊತ್ತಿನಿಂದ ನಡುಗುತ್ತಿದ್ದವರ ನಡುಕ ನಿಂತರೆ ಚೇತರಿಕೆ ಎಂದುಕೊಳ್ಳಬೇಡಿ. ಮಾತು ತೊದಲುತ್ತಿದ್ದರೆ ಅದು ಅತಿ ಅಪಾಯದ ಗುರುತು. ಅಂಥವರನ್ನು ನಡೆಸಬಾರದು, ಮಲಗಿಸಿಯೇ ಸಾಗಿಸಬೇಕು.

ಎತ್ತರದ ಕಾಯಿಲೆಯ ಬಗ್ಗೆ ಒಂದೇ ಮಾತು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ತಲೆನೋವಿನ ಜೊತೆ ವಾಂತಿ ಇದ್ದವರು ಮುಂದಿನ ಕ್ಯಾಂಪಿಗೆ ಹೋಗಬಾರದು. ರಜೆ ಉಳಿಸಲು ಒಂದು ದಿನ ಕಡಿತ ಮಾಡಿದ ಪ್ಯಾಕೇಜನ್ನು ದುಡ್ಡು ಕಟ್ಟುವ ಮೊದಲೇ ಬಿಡಿ. ಆಗಲೇ ಇನ್ನೂ ಮೂರು ಕೇಳಿ: ಗೈಡ್ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಂಥ ಕಡೆ ತರಬೇತಿ ಪಡೆದಿದ್ದಾರೆಯೇ, ಸರೋವರದ ದಿನ ತಿರುಗುವ ಸಮಯ ಎಷ್ಟು, ಸಿಗ್ನಲ್ ಸಿಗುವ ಅತಿ ಹತ್ತಿರದ ಜಾಗ ಎಲ್ಲಿ ಮತ್ತು ಅಲ್ಲಿಗೆ ಎಷ್ಟು ಗಂಟೆಯ ನಡಿಗೆ. ಮೂರನೆಯದಕ್ಕೆ ಉತ್ತರ ತಡವರಿಸಿದರೆ ಆ ತಂಡದ ಜೊತೆ ಹೋಗಬೇಡಿ.

ಅಮೆರಿಕ, ಯುರೋಪಿನಿಂದ ಬಂದು ಸೇರಿಕೊಳ್ಳುವ ಕನ್ನಡಿಗರು ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ತಂದರೆ ಆಯಿತು ಎಂದುಕೊಳ್ಳುತ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಹಿಡಿದು ಕೇಸು ಹಾಕಿದ್ದಾರೆ. ಕಾಶ್ಮೀರಕ್ಕೆ ಹೋಗುವವರ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡೇ ಹೊರಡಿ. ಹೊರಡುವ ಮುನ್ನ ದಿನವಾರು ಕ್ಯಾಂಪುಗಳ ಹೆಸರು, ಗೈಡ್ ನಂಬರ್, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ನಂಬರ್ ಬರೆದ ಹಾಳೆಯನ್ನು ಮನೆಯಲ್ಲಿ ಕೊಟ್ಟು, ಯಾವ ದಿನ ಎಷ್ಟು ಗಂಟೆಯವರೆಗೆ ಫೋನ್ ಬಾರದಿದ್ದರೆ ಅಲ್ಲಿಗೆ ಕರೆ ಮಾಡಬೇಕು ಎಂಬುದನ್ನೂ ಅದರಲ್ಲೇ ಬರೆದಿಡಿ.