ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಎರಡನೇ ಪುಟ ಕೇಳಿ ಪಡೆಯಿರಿ

ಮೊದಲ ಪುಸ್ತಕ ತರಲು ಹೊರಟವರು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ.

ನನ್ನ ಕಥಾಸಂಕಲನ ತಂದ ಪ್ರಕಾಶಕರ ಹೆಸರು ಇಲ್ಲಿ ಬೇಡ. 'ಸಹಕಾರ' ಅಂತ 40,000 ರೂಪಾಯಿ ಕೇಳಿದರು. "ಹೊಸಬರ ಕಥೆ ಯಾರು ಕೊಳ್ತಾರೆ ಸಾರ್, ಕಾಗದದ ರೇಟು ನೋಡಿ" ಅಂದರು. ಅದು ನಿಜವೇ. ಕನ್ನಡದಲ್ಲಿ ಬರೀ ಕಥೆ ಬರೆದು ಮನೆ ನಡೆಸುವವರು ಎಷ್ಟು ಜನ ಇದ್ದಾರೆ? ಕೊಟ್ಟೆ. ಐಎಸ್‌ಬಿಎನ್‌ಗೆ (ಪ್ರತಿ ಪುಸ್ತಕಕ್ಕೂ ಕೊಡುವ ಗುರುತಿನ ಸಂಖ್ಯೆ) ಅಂತ ಮೇಲೆ 3,000 ಬೇರೆ. ನಮ್ಮ ದೇಶದಲ್ಲಿ ಅದು ಪುಕ್ಕಟೆ! ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಕೊಡುತ್ತದೆ, ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು.

ಕರಡು ತಿದ್ದಲು ಬಂದಾಗ ಬರೀ ಕಥೆಗಳಿದ್ದವು, ಪುಸ್ತಕದ ವಿವರ ಇರುವ ಶುರುವಿನ ಪುಟಗಳಿರಲಿಲ್ಲ. "ಅದೆಲ್ಲ ನಾವು ನೋಡ್ಕೋತೀವಿ" ಅಂದರು. ಬಿಡುಗಡೆಯ ದಿನ ಎರಡನೇ ಪುಟ ತೆರೆದೆ. 'ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೋ. ಪ್ರತಿಗಳು: 1000. ಹಕ್ಕುಗಳು: ಪ್ರಕಾಶಕರವು.' ಪ್ರೆಸ್ಸಿನಲ್ಲಿ ವಿಚಾರಿಸಿದರೆ ಅಚ್ಚಾಗಿದ್ದು 300.

ಕೆಲವು ತಿಂಗಳಾದ ಮೇಲೆ ಒಂದು ಆಡಿಯೊ ಆ್ಯಪ್‌ನಲ್ಲಿ ನನ್ನ ಕಥೆಗಳನ್ನು ಯಾರೋ ಓದಿ ಕೇಳಿಸುತ್ತಿದ್ದರು. ಓದು ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು. ಪ್ರಕಾಶಕರನ್ನು ಕೇಳಿದ್ದಕ್ಕೆ, "ಹಕ್ಕು ನಮ್ದು ಅಂತ ಪುಸ್ತಕದಲ್ಲೇ ಇದೆಯಲ್ಲ ಸಾರ್" ಎಂಬ ಉತ್ತರ ಬಂತು.

ಹಾಗೆ ಅಚ್ಚು ಹಾಕಿಬಿಟ್ಟರೆ ಹಕ್ಕು ಕೈ ಬದಲಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಯಾವ ಹಕ್ಕು, ಎಷ್ಟು ಕಾಲಕ್ಕೆ, ಎಲ್ಲೆಲ್ಲಿಗೆ, ರಾಯಲ್ಟಿ ಎಷ್ಟು ಎಂಬುದೂ ಅದರಲ್ಲಿರಬೇಕು. ಕಾಲ ಬರೆದಿಲ್ಲವೆಂದರೆ 5 ವರ್ಷ ಅಂತ ಲೆಕ್ಕ, ಜಾಗ ಬರೆದಿಲ್ಲವೆಂದರೆ ಭಾರತಕ್ಕಷ್ಟೇ. ನಾನು ಯಾವುದಕ್ಕೂ ಸಹಿ ಹಾಕಿರಲಿಲ್ಲ.

ಇಷ್ಟು ಹೇಳಿದ ಮೇಲೆ ಅವರ ದನಿ ಮೆತ್ತಗಾಯಿತು. ಮುಂದಿನ ವಾರ ಕೊರಿಯರ್‌ನಲ್ಲಿ ಒಂದು ಒಪ್ಪಂದಪತ್ರ ಬಂತು. ತಾರೀಖು ಪುಸ್ತಕ ಬಿಡುಗಡೆಗೂ ಹಿಂದಿನದು! ಮುದ್ರಣ, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಎಲ್ಲವೂ ಶಾಶ್ವತವಾಗಿ ಅವರಿಗೆ. ಸಹಿಯ ಜಾಗದಲ್ಲಿ ಪೆನ್ಸಿಲ್ ಗುರುತು, ಪಕ್ಕದಲ್ಲಿ ಒಂದು ಚೀಟಿ: 'ಸುಮ್ನೆ ಫಾರ್ಮಾಲಿಟಿ.' ಇಂಥ ಕಾಗದ ನಿಮಗೆ ಬಂದರೆ ದಯವಿಟ್ಟು ಸಹಿ ಹಾಕಬೇಡಿ, ಹರಿದೂ ಹಾಕಬೇಡಿ. ಲಕೋಟೆ ಸಮೇತ ಇಟ್ಟುಕೊಳ್ಳಿ, ಕಾಗದ ನಿಜಕ್ಕೂ ಯಾವಾಗ ಬಂತು ಎಂಬುದಕ್ಕೆ ಅದು ಸಾಕ್ಷಿ. ನಮ್ಮ ವಕೀಲರಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ನೋಟಿಸ್ ಹೋದ ಮೇಲೆ ಆ್ಯಪ್‌ನವರು ಕಥೆಗಳನ್ನು ತೆಗೆದರು. ದುಡ್ಡಿನ ಸುದ್ದಿಯೇ ಇಲ್ಲ. ಈಗ ಅದೇ ಪ್ರಕಾಶಕರು 'ಹೊಸ ಬರಹಗಾರರಿಂದ ಹಸ್ತಪ್ರತಿ ಆಹ್ವಾನ' ಅಂತ ಮತ್ತೆ ಪೋಸ್ಟರ್ ಹಾಕಿದ್ದಾರೆ. ಅದಕ್ಕೇ ಇದನ್ನು ಬರೆದೆ.