ಗೊಂಬೆ ಸೈನ್ಯದ ನಗರಯುದ್ಧಕ್ಕೆ ಎಂಡಿಎಫ್ ಪಾಳುಮನೆಗಳ ಸೆಟ್: ಹುಬ್ಬಳ್ಳಿ-ಧಾರವಾಡದ ಮಳೆಗಾಲ ದಾಟಿದ ಮೇಲೆ

ಮೇಜಿನ ಮೇಲೆ ಆಡುವ ಯುದ್ಧದಾಟದ ಸುಮಾರು 28 ಮಿ.ಮೀ. ಎತ್ತರದ ಸೈನಿಕರ ಗೊಂಬೆಗಳಿಗೆಂದು 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಾಳೆಯಲ್ಲಿ ಲೇಸರ್‌ನಿಂದ ಕತ್ತರಿಸಿದ ಸೆಟ್ ಇದು. ಜೋಡಿಸಿದರೆ ಶೆಲ್ ಬಿದ್ದು ಅರ್ಧ ಕುಸಿದ ಆರು ಮನೆಗಳಾಗುತ್ತವೆ. ಇಂಥದ್ದನ್ನು ಕೊಳ್ಳುವವರು ಮೊದಲು ನೋಡಬೇಕಾದದ್ದು ಕಿಟಕಿಯ ಕೆತ್ತನೆಯನ್ನಲ್ಲ, ಒಳಗೆ ಕೈ ಹೋಗುತ್ತದೋ ಇಲ್ಲವೋ ಅನ್ನುವುದನ್ನು. ಇದರಲ್ಲಿ ಒಂದು ಅಂತಸ್ತು 75 ಮಿ.ಮೀ. ಎತ್ತರ, ಮೇಲಿನ ಅಂತಸ್ತನ್ನು ಹಾಗೇ ಎತ್ತಿ ಪಕ್ಕಕ್ಕಿಡಬಹುದು. ಬಾಗಿಲು 32 ಮಿ.ಮೀ. ಇರುವುದರಿಂದ 25 ಮಿ.ಮೀ. ಬೇಸಿನ (ಕಾಲಡಿಯ ಬಿಲ್ಲೆಯ) ಗೊಂಬೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಈ ಅಳತೆಗಳಿಗೆ ಪೂರ್ತಿ ಅಂಕ.

ದೊಡ್ಡ ಕೊರತೆ ಪಕ್ಕದ ಗೋಡೆಗಳದ್ದು. ಮನೆಗಳನ್ನು ಒತ್ತಾಗಿ ನಿಲ್ಲಿಸಿದರೂ ಒಂದರಿಂದ ಇನ್ನೊಂದಕ್ಕೆ ಹೋಗಲು ಬೀದಿಗೇ ಇಳಿಯಬೇಕು. ನಗರಯುದ್ಧ ನಡೆದದ್ದು ಹಾಗಲ್ಲ. ಎರಡನೇ ಮಹಾಯುದ್ಧದಲ್ಲಿ, 1943ರ ಡಿಸೆಂಬರ್‌ನಲ್ಲಿ, ಇಟಲಿಯ ಒರ್ಟೋನಾ ಪಟ್ಟಣದಲ್ಲಿ ಕೆನಡಾದ ಪಡೆಗಳು ಮೇಲಿನ ಅಂತಸ್ತಿನ ನಡುಗೋಡೆಗೆ ಸ್ಫೋಟಕದಿಂದ ಕನ್ನ ಕೊರೆದು, ಆಚೆಮನೆಗೆ ನುಗ್ಗಿ, ಮೇಲಿಂದ ಕೆಳಕ್ಕೆ ತೆರವು ಮಾಡುತ್ತ ಸಾಗಿದವು. ಬೀದಿಗಳು ಜರ್ಮನ್ ಮೆಷಿನ್ ಗನ್ನುಗಳ ಕೈಯಲ್ಲಿದ್ದವು. ಕನ್ನ ಕೊರೆಯಲು ಬಾರದ ಮನೆ ಆಟದಲ್ಲಿ ಬರೀ ಗಟ್ಟಿ ಆಸರೆ, ಅಷ್ಟೇ.

ಇದನ್ನು ಸರಿಪಡಿಸಬಹುದು, ಆದರೆ ಅಂಟು ಹಾಕುವ ಮೊದಲೇ. ಮೇಲಂತಸ್ತಿನ ಪಕ್ಕದ ಗೋಡೆಯಲ್ಲಿ ನೆಲಮಟ್ಟದಿಂದಲೇ 40 × 45 ಮಿ.ಮೀ. ಕಿಂಡಿಯನ್ನು ಅಂಕುಡೊಂಕಾಗಿ ಕೊರೆಯಿರಿ. ಒತ್ತಿನ ಮನೆಯ ಗೋಡೆಯಲ್ಲೂ ಅದೇ ಜಾಗದಲ್ಲಿ ಕೊರೆಯಬೇಕು. ಜೋಡಿಸಿದ ಮೇಲೆ ಗರಗಸ ಆಡಲು ಒಳಗೆ ಜಾಗವಿರುವುದಿಲ್ಲ. ಮುಚ್ಚಲು 2 ಮಿ.ಮೀ. ಮೌಂಟ್ ಬೋರ್ಡಿನ, ಕಿಂಡಿಗಿಂತ ದೊಡ್ಡ ತುಂಡು ಸಾಕು. ಅದರ ಮೇಲಿನ ಎರಡು ಮೂಲೆಗಳಿಗೂ ಅವು ಕೂರುವ ಗೋಡೆಯ ಜಾಗಕ್ಕೂ 5 × 2 ಮಿ.ಮೀ. ನಿಯೋಡಿಮಿಯಮ್ ಮ್ಯಾಗ್ನೆಟ್ ಕೂರಿಸಿ. ಫೆವಿಕಾಲ್ ಲೋಹವನ್ನು ಹಿಡಿಯುವುದಿಲ್ಲ, ಅರಾಲ್ಡೈಟ್ ಬೇಕು. ಅಂಟುವ ಮುನ್ನ ಧ್ರುವಗಳನ್ನು ನೋಡಿಕೊಳ್ಳಿ, ತಿರುವುಮುರುವಾದರೆ ಮುಚ್ಚಳ ಹಾರಿ ಬೀಳುತ್ತದೆ. ಆಟದಲ್ಲಿ ಗೋಡೆ ಒಡೆದಾಗ ಮುಚ್ಚಳ ತೆಗೆದು ಬುಡದಲ್ಲಿ ಅವಶೇಷದ ತುಂಡು ಇಡಿ. ಅದಕ್ಕೆ ಬೇರೆ ಖರ್ಚಿಲ್ಲ: ಸೆಟ್‌ನ ಉಳಿಕೆ ಚೌಕಟ್ಟನ್ನು ಪಕ್ಕಡಿನಿಂದ ಮುರಿದು, ಜರಡಿ ಹಿಡಿದ ಎಂ-ಸ್ಯಾಂಡ್ ಬೆರೆಸಿ ರಟ್ಟಿಗೆ ಅಂಟಿಸಿದರೆ ಆಯಿತು.

ಇನ್ನು ಮಳೆ. ಧಾರವಾಡದ ಜಿಟಿಜಿಟಿ ಶುರುವಾದರೆ ಹಸಿ ಎಂಡಿಎಫ್ ಅಂಚಿನಿಂದ ತೇವ ಕುಡಿಯುತ್ತದೆ. ಎತ್ತಿಡುವ ಅಂತಸ್ತಿನ ಕಿವಿಗಳು (ಖಾಚೆಗೆ ಸೇರಿಸುವ ಚಾಚುಗಳು) ಉಬ್ಬಿ ಖಾಚೆಯಲ್ಲಿ ಕೂರುವುದಿಲ್ಲ, ನೆಲದ ಹಾಳೆ ಬಾಗುತ್ತದೆ. ಬೇಸಿಗೆಯಲ್ಲೇ ಸ್ಯಾಂಡಿಂಗ್ ಸೀಲರ್ ಎರಡು ಕೋಟ್ ಹಚ್ಚಿ, ನಡುವೆ 220 ನಂಬರಿನ ಪಾಲಿಶ್ ಕಾಗದದಲ್ಲಿ ಉಜ್ಜಿ. ಎರಡೂ ಮೈಗೆ ಹಚ್ಚಲೇಬೇಕು: ಒಂದೇ ಮೈಗೆ ಹಚ್ಚಿದರೆ ಇನ್ನೊಂದು ಮೈ ತೇವ ಹೀರಿ, ಹಾಳೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅಂಟು ಹಾಕುವ ಕಿವಿಗಳನ್ನು ಮಾತ್ರ ಬಿಡಿ, ಸೀಲರ್ ಮೇಲೆ ಫೆವಿಕಾಲ್ ಸರಿಯಾಗಿ ಕೂರದು. ಮ್ಯಾಟ್ ವಾರ್ನಿಶ್ ಸ್ಪ್ರೇಯನ್ನು ಮಳೆ ದಿನ ಮುಟ್ಟಲೇಬೇಡಿ, ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ. ಹೀಗೆ ಸೀಲ್ ಮಾಡಿದ ಮನೆಗಳು ಇಂದಿಗೂ ನೆಟ್ಟಗಿವೆ.

4 × 4 ಫೂಟಿನ ಮೇಜಿಗೆ ಆರು ಮನೆ ಕಡಿಮೆಯೇ. ಉದ್ದ ನೇರ ಬೀದಿ ಉಳಿದುಬಿಟ್ಟರೆ ತುದಿಯ ಒಂದು ಮೆಷಿನ್ ಗನ್ ಇಡೀ ಆಟ ನುಂಗುತ್ತದೆ. ಬೀದಿಗಳನ್ನು ‘ಟಿ’ ಆಕಾರದಲ್ಲಿ ಮುರಿದು, ದೃಷ್ಟಿರೇಖೆ 18 ಇಂಚು ಮೀರದಂತೆ ಕಾಂಪೌಂಡ್ ಗೋಡೆ, ಅವಶೇಷ ತುಂಬಿ. ಟ್ಯಾಂಕ್ ಇಳಿಸುವುದಾದರೆ ಬೀದಿ 12 ಸೆಂ.ಮೀ. ಅಗಲವಿರಲಿ. ಈ ಗೊಂಬೆಗಳಿಗೆ ಹೊಂದುವ 1/56 ಅಳತೆಯ ಶರ್ಮನ್ ಟ್ಯಾಂಕ್ ಹತ್ತು ಸೆಂ.ಮೀ. ಮೀರಿ ಉದ್ದ, ಅದಕ್ಕಿಂತ ಇಕ್ಕಟ್ಟಾದರೆ ನಿಂತಲ್ಲೇ ತಿರುಗಲಾರದು. ಒಂದೆರಡು ಬೀದಿಯನ್ನು ಬೇಕೆಂದೇ ಕಿರಿದಾಗಿಸಿ, ಟ್ಯಾಂಕ್ ಎಲ್ಲಿಗೆ ಬರುತ್ತದೆಂದು ಎದುರಾಳಿಗೆ ಲೆಕ್ಕ ಸಿಗಲಿ, ಆಗ ಆಟ ರಂಗೇರುತ್ತದೆ.

ಇನ್ನೂ ಚಿಕ್ಕದಾದ 1/72 ಅಳತೆಯ ಪ್ಲಾಸ್ಟಿಕ್ ಸೈನಿಕರಿರುವವರು ಇದನ್ನು ಕೊಳ್ಳಬೇಡಿ. ಆ ಅಳತೆಗೆ 75 ಮಿ.ಮೀ. ಅಂತಸ್ತು ಐದು ಮೀಟರಿಗೂ ಎತ್ತರದ ಗೋದಾಮಾಗುತ್ತದೆ, ಕಿಟಕಿಯ ಅಡಿಯಂಚು ಸೈನಿಕನ ತಲೆ ದಾಟಿ ಹೋಗುತ್ತದೆ.